ಸಂಚಕಾರವು ಇಬ್ಬರಿಗೂ ಬಂಧನವಾಗಲಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯು ಹುಟ್ಟಿದ ಕಾಲದಲ್ಲಿ ಮನೆಯೊಡೆಯನು ಕಲ್ಲು, ಮರ, ಸುಣ್ಣಗಳನ್ನು ತಾನೇ ಕೂಡಿಹಾಕಿ, ಕೆಲಸಗಾರರ ಬೆನ್ನ ಹಿಂದೆ ತಾನೇ ನಿಂತು ಮನೆಯನ್ನು ಎಬ್ಬಿಸುತ್ತಿದ್ದನು. ಇಂದಿನ ಪಟ್ಟಣವಾಸಿಯು ಬಹುಮಟ್ಟಿಗೆ ಮನೆಯನ್ನು ಕಟ್ಟಿಸುವುದಿಲ್ಲ. ಇನ್ನೂ ಕಟ್ಟದೆ ಇರುವ ಮನೆಯನ್ನು ಕೊಳ್ಳುತ್ತಾನೆ. ಬೆಂಗಳೂರಿನ ಹೊರವಲಯದಲ್ಲಿ ಬೇಲಿ ಹಾಕಿದ ಒಂದು ಬಯಲನ್ನೂ, ಮಾರಾಟದ ಕಚೇರಿಯ ಮೇಜಿನ ಮೇಲೆ ಇಟ್ಟ ಪುಟ್ಟ ಮಾದರಿಯನ್ನೂ, ಬಣ್ಣಬಣ್ಣದ ಚಿತ್ರಗಳನ್ನೂ ನೋಡಿ, ಹತ್ತನೆಯ ಅಂತಸ್ತಿನ ಮೂಡಣ ಮೂಲೆಯ ಮನೆಯು ತನಗಿರಲಿ ಎಂದು ಒಂದು ಚೆಕ್ಕನ್ನು ಬರೆದುಕೊಟ್ಟು ಹಿಂದಿರುಗುತ್ತಾನೆ. ಇದಕ್ಕೆ ಬುಕಿಂಗ್ ಹಣವೆಂದು ಹೆಸರು. ಈ ಹಣದ ಸ್ವರೂಪವೇನು, ವ್ಯವಹಾರವು ಮುರಿದುಬಿದ್ದಲ್ಲಿ ಅದು ಯಾರಿಗೆ ಸೇರತಕ್ಕದ್ದು ಎಂಬ ಪ್ರಶ್ನೆಯನ್ನು ಕೊಡುವವನು ಕೇಳುವುದು ಅಪೂರ್ವ; ತೆಗೆದುಕೊಳ್ಳುವವನಂತೂ ತಾನಾಗಿ ಹೇಳುವುದಿಲ್ಲ. ನೌಕರಿಯವರೂ ಅಧಿಕಾರಿಗಳೂ ಸಣ್ಣ ವರ್ತಕರೂ ತಮ್ಮ ಅನೇಕ ವರ್ಷಗಳ ಉಳಿತಾಯವನ್ನು ಈ ಒಂದು ಚೆಕ್ಕಿನಲ್ಲಿ ಬರೆದುಕೊಡುವುದು ದಿನನಿತ್ಯದ ಸಂಗತಿಯಾಗಿರುವುದರಿಂದ, ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಿಸುವುದು ಯುಕ್ತವೆಂದು ತೋರುತ್ತದೆ.

ಕನ್ನಡದಲ್ಲಿ ಇಂಥ ಹಣಕ್ಕೆ ಪ್ರಾಚೀನವಾದ ಹೆಸರೊಂದು ಉಂಟು. ಉತ್ತರ ಭಾಗದ ದಸ್ತೈವಜುಗಳಲ್ಲಿ ಇದನ್ನು ಇಸಾರವೆಂದೂ, ಇತರ ಕಡೆಗಳಲ್ಲಿ ಮುಂಗಡವೆಂದೂ ಕರೆಯುವರಾದರೂ, ಹಳೆಯ ಮಾತು ಸಂಚಕಾರ. ಇದು ಸತ್ಯಂಕಾರವೆಂಬ ಸಂಸ್ಕೃತ ಶಬ್ದದ ತದ್ಭವ. ಆಡಿದ ಮಾತನ್ನು ಸತ್ಯವಾಗಿಸುವುದಕ್ಕೆ ಕೊಡುವ ಗುರುತು ಎಂಬುದೇ ಅದರ ಅರ್ಥ. ಆದರೆ ಇಂದು ಸಂಚಕಾರವೆಂದೊಡನೆ ನಮ್ಮ ಮನಸ್ಸಿಗೆ ಬರುವ ಅರ್ಥವೇ ಬೇರೆ. ಪ್ರಾಣಕ್ಕೆ ಸಂಚಕಾರ, ಉದ್ಯೋಗಕ್ಕೆ ಸಂಚಕಾರ ಎಂದರೆ ಕೇಡು ಒದಗಿತೆಂದೇ ತಿಳಿಯುತ್ತೇವೆ. ಸತ್ಯದ ಗುರುತಾಗಿದ್ದ ಶಬ್ದವು ಅಪಾಯದ ಹೆಸರಾದುದು ಹೇಗೆಂಬುದನ್ನು ಶಬ್ದಶಾಸ್ತ್ರಜ್ಞರು ವಿಚಾರಿಸಲಿ. ಇಂದಿನ ಬುಕಿಂಗ್ ಪತ್ರಗಳನ್ನು ಓದಿದವರಿಗೆ ಮಾತ್ರ ಎರಡು ಅರ್ಥಗಳೂ ಒಂದೇ ಹಾಳೆಯಲ್ಲಿ ಕಾಣದೆ ಇರವು.

ಈ ಸತ್ಯಂಕಾರದ ನ್ಯಾಯವನ್ನು ನಮ್ಮ ನಾಡಿನಲ್ಲಿಯೇ ಸ್ಪಷ್ಟವಾಗಿ ನಿರ್ಣಯಿಸಿಟ್ಟವರಿದ್ದಾರೆ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಇದನ್ನು ಕುರಿತು ಒಂದು ವಿಧಿಯಿದೆ. ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಅಂದರೆ ೧೦೭೬ರಿಂದ ೧೧೨೬ರ ವರೆಗಿನ ಅವಧಿಯಲ್ಲಿ, ಈಗ ಬಸವಕಲ್ಯಾಣವೆನಿಸಿರುವ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಅದರಲ್ಲಿ ಅವನು ಮಾಡಿರುವ ನಿರ್ಣಯದ ತಾತ್ಪರ್ಯವಿದು: ಕ್ರಯವಿಕ್ರಯದ ಮಾತು ನಿಲ್ಲಲೆಂದು ಒಬ್ಬನು ಉಂಗುರ ಮೊದಲಾದುದನ್ನು ಇನ್ನೊಬ್ಬನ ಕೈಗೆ ಕೊಟ್ಟಿರುವಲ್ಲಿ, ಕೊಟ್ಟವನೇ ಮಾತಿಗೆ ತಪ್ಪಿದರೆ ಆ ವಸ್ತುವನ್ನು ಕಳೆದುಕೊಳ್ಳಬೇಕು, ತೆಗೆದುಕೊಂಡವನು ತಪ್ಪಿದರೆ ಅದರ ಇಮ್ಮಡಿಯನ್ನು ಹಿಂದಿರುಗಿಸಬೇಕು. ಇದರಲ್ಲಿ ವಾಚಕರು ಲಕ್ಷ್ಯದಲ್ಲಿಡಬೇಕಾದುದು ಇಮ್ಮಡಿಯ ಲೆಕ್ಕವನ್ನಲ್ಲ, ಎರಡು ಕಡೆಯ ಸಮತೆಯನ್ನು. ಒಂದು ಉಂಗುರವು ಇಬ್ಬರ ಕೈಗಳನ್ನೂ ಕಟ್ಟುತ್ತಿತ್ತು. ಕೊಂಡುಕೊಳ್ಳುವವನು ಕಳೆದುಕೊಳ್ಳುವುದೆಷ್ಟೋ ಮಾರುವವನು ಕಳೆದುಕೊಳ್ಳುವುದೂ ಅಷ್ಟೇ ಆಗಿತ್ತು.

ಈಗ ನಮ್ಮ ಕಾಲದ ಬುಕಿಂಗ್ ಪತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಕೊಳ್ಳುವವನು ಹಿಂದೆಗೆದರೆ ಕೊಟ್ಟ ಹಣವು ಜಪ್ತಿಯಾಗತಕ್ಕದ್ದು. ಬ್ಯಾಂಕು ಸಾಲವನ್ನು ನಿರಾಕರಿಸಿದರೂ ಅದು ಕೊಳ್ಳುವವನ ತಪ್ಪೇ. ಇಂತಿಷ್ಟು ದಿನಗಳೊಳಗೆ ಕರಾರಿಗೆ ಸಹಿ ಹಾಕದಿದ್ದರೆ ಹಂಚಿಕೆಯು ತಾನಾಗಿ ರದ್ದು. ಮಾರುವವನ ಪಾಲಿಗೆ ಬಂದರೆ ಭಾಷೆಯೇ ಬದಲಾಗುತ್ತದೆ. ನಕ್ಷೆಯನ್ನು ಮಾರ್ಪಡಿಸುವ, ಹಂಚಿಕೆಯನ್ನು ನಿರಾಕರಿಸುವ ಅಧಿಕಾರಗಳನ್ನು ಅವನು ತನ್ನಲ್ಲಿ ಉಳಿಸಿಕೊಂಡು, ಹೆಚ್ಚೆಂದರೆ ಪಡೆದ ಹಣವನ್ನು ಬಡ್ಡಿಯಿಲ್ಲದೆ ಹಿಂದಿರುಗಿಸುವೆನೆನ್ನುತ್ತಾನೆ. ಎಲ್ಲ ಕಂಪನಿಗಳ ಪತ್ರಗಳೂ ಹೀಗಿವೆಯೆಂದು ನಾವು ಹೇಳುವುದಿಲ್ಲ. ಪ್ರಾಮಾಣಿಕವಾಗಿ ನಡೆಯುವ ಸಂಸ್ಥೆಗಳೂ ಇವೆ. ಆದರೆ ಒಬ್ಬನಿಗೆ ಮಾತ್ರ ಬಂಧನವಾಗುವ ಕಾಗದವನ್ನು ಸಂಚಕಾರವೆಂದು ಕರೆಯುವುದು ಸರಿಯಾಗದು.

ನಮ್ಮ ನ್ಯಾಯಾಲಯಗಳು ಈ ವಿಷಯದಲ್ಲಿ ಏನು ಹೇಳಿವೆಯೆಂಬುದನ್ನು ತಿಳಿಯುವುದು ಅವಶ್ಯ. ೧೮೭೨ರ ಕರಾರು ಕಾಯದೆಯ ೭೪ನೆಯ ಕಲಮಿನ ಪ್ರಕಾರ, ಕರಾರು ಮುರಿದರೆ ಇಷ್ಟು ಹಣ ಕೊಡತಕ್ಕದ್ದೆಂದು ಮೊದಲೇ ಬರೆದಿದ್ದರೂ, ನೊಂದವನಿಗೆ ದೊರೆಯುವುದು ಆ ಮೊತ್ತದ ಮಿತಿಯೊಳಗೆ ಯುಕ್ತವಾದ ಪರಿಹಾರ ಮಾತ್ರ. ೧೯೪೯ರ ಮಾರ್ಚ್ ತಿಂಗಳಲ್ಲಿ ದಿಲ್ಲಿಯ ಒಂದು ಬಂಗಲೆಯನ್ನು ೧,೧೨,೫೦೦ ರೂಪಾಯಿಗೆ ಮಾರುವ ಕರಾರಾಯಿತು. ಕೊಳ್ಳುವವನು ೧,೦೦೦ ರೂಪಾಯಿಯನ್ನು ಸಂಚಕಾರವಾಗಿಯೂ ಆಮೇಲೆ ೨೪,೦೦೦ ರೂಪಾಯಿಯನ್ನೂ ಕೊಟ್ಟನು. ವ್ಯವಹಾರವು ಮುರಿಯಿತು, ಮಾರುವವನು ೨೫,೦೦೦ವನ್ನೂ ತನ್ನದೆಂದನು. ಹೈಕೋರ್ಟು ಬೆಲೆಯ ನೂರಕ್ಕೆ ಹತ್ತರಷ್ಟನ್ನು, ಅಂದರೆ ೧೧,೨೫೦ ರೂಪಾಯಿಯನ್ನು, ಇಟ್ಟುಕೊಳ್ಳಬಹುದೆಂದಿತ್ತು. ೧೯೬೩ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠವು ಅದನ್ನೂ ಒಪ್ಪಲಿಲ್ಲ. ನಷ್ಟವಾದುದಕ್ಕೆ ಸಾಕ್ಷ್ಯವಿಲ್ಲದಿರುವಲ್ಲಿ ೧,೦೦೦ ರೂಪಾಯಿಯ ಸಂಚಕಾರವನ್ನು ಬಿಟ್ಟು ಉಳಿದುದನ್ನು ಇಟ್ಟುಕೊಳ್ಳುವ ಹಕ್ಕು ಮಾರುವವನಿಗಿಲ್ಲವೆಂದು ತೀರ್ಮಾನವಾಯಿತು. ಫತೇಚಂದ ವಿರುದ್ಧ ಬಾಲಕಿಶನದಾಸ ಎಂಬ ಈ ಮೊಕದ್ದಮೆಯು ಇಂದಿಗೂ ವಕೀಲರ ಬಾಯಲ್ಲಿದೆ.

೨೦೧೫ರ ಜನವರಿಯಲ್ಲಿ ಅದೇ ನ್ಯಾಯಾಲಯವು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ದಿಲ್ಲಿಯ ಅಭಿವೃದ್ಧಿ ಪ್ರಾಧಿಕಾರವು ೧೯೮೨ರಲ್ಲಿ ಒಂದು ನಿವೇಶನವನ್ನು ೩ ಕೋಟಿ ೧೨ ಲಕ್ಷ ರೂಪಾಯಿಗೆ ಹರಾಜು ಹಾಕಿ, ಅದರ ಕಾಲು ಭಾಗವಾದ ೭೮ ಲಕ್ಷವನ್ನು ಸಂಚಕಾರವಾಗಿ ಪಡೆದು, ಆಮೇಲೆ ಅದನ್ನು ಜಪ್ತಿ ಮಾಡಿತ್ತು. ಅದೇ ನಿವೇಶನವು ೧೯೯೪ರಲ್ಲಿ ೧೧ ಕೋಟಿ ೭೮ ಲಕ್ಷಕ್ಕೆ ಮಾರಾಟವಾಯಿತು. ನಷ್ಟವೇ ಆಗದವನು ಪರಿಹಾರವೆಂದು ಹಣವನ್ನು ಇಟ್ಟುಕೊಳ್ಳುವುದು ಹೇಗೆಂದು ಕೇಳಿ, ಆ ೭೮ ಲಕ್ಷವನ್ನು ನೂರಕ್ಕೆ ೯ರ ಬಡ್ಡಿಯೊಡನೆ ಹಿಂದಿರುಗಿಸಬೇಕೆಂದು ಆಜ್ಞೆಯಾಯಿತು. ೨೦೧೯ರ ಏಪ್ರಿಲಿನಲ್ಲಿ ತೀರ್ಮಾನವಾದ ಮತ್ತೊಂದು ಮೊಕದ್ದಮೆಯಲ್ಲಿ, ಕೊಳ್ಳುವವನು ಕಂತಿಗೆ ತಡಮಾಡಿದರೆ ನೂರಕ್ಕೆ ೧೮ರ ಬಡ್ಡಿ, ಬಿಲ್ಡರನ ತಪ್ಪಿಗೆ ನೂರಕ್ಕೆ ೯ರ ಬಡ್ಡಿ ಎಂದಿದ್ದ ಕರಾರನ್ನು ಕಂಡು, ಇಂಥ ಏಕಪಕ್ಷೀಯವಾದ ಷರತ್ತುಗಳು ಅನ್ಯಾಯದ ವ್ಯಾಪಾರಪದ್ಧತಿಯೆಂದು ಸುಪ್ರೀಂ ಕೋರ್ಟು ಸಾರಿತು.

ಈ ನಡುವೆ ಪಾರ್ಲಿಮೆಂಟು ೨೦೧೬ರಲ್ಲಿ ರೇರಾ ಎಂದು ಪ್ರಸಿದ್ಧವಾದ ಸ್ಥಿರಾಸ್ತಿ ನಿಯಂತ್ರಣದ ಕಾಯದೆಯನ್ನು ಅಂಗೀಕರಿಸಿತು. ಅದು ೨೦೧೭ರ ಮೇ ೧ರಿಂದ ಪೂರ್ಣವಾಗಿ ಜಾರಿಗೆ ಬಂದಿತು. ಅದೇ ವರ್ಷದ ಜುಲೈಯಲ್ಲಿ ಕರ್ನಾಟಕದ ನಿಯಮಗಳೂ ಪ್ರಕಟವಾದವು. ಈ ಕಾಯದೆಯು ಮನೆ ಕೊಳ್ಳುವವರಿಗೆ ಮಾಡಿರುವ ಉಪಕಾರವು ಅಲ್ಪವಲ್ಲ. ಐನೂರು ಚದರ ಮೀಟರಿಗಿಂತ ಹೆಚ್ಚಿನ ನೆಲದಲ್ಲಿ ಎಂಟಕ್ಕಿಂತ ಹೆಚ್ಚು ಮನೆಗಳನ್ನು ಕಟ್ಟುವ ಯೋಜನೆಯು ಪ್ರಾಧಿಕಾರದಲ್ಲಿ ನೋಂದಣಿಯಾಗುವುದಕ್ಕೆ ಮುಂಚೆ ಅದನ್ನು ಜಾಹೀರು ಮಾಡುವುದಾಗಲಿ, ಬುಕಿಂಗ್ ಹಣವನ್ನು ತೆಗೆದುಕೊಳ್ಳುವುದಾಗಲಿ ಕೂಡದು. ಕೊಳ್ಳುವವರಿಂದ ಬಂದ ಹಣದಲ್ಲಿ ನೂರಕ್ಕೆ ಎಪ್ಪತ್ತನ್ನು ಆ ಯೋಜನೆಗಾಗಿಯೇ ಇರುವ ಪ್ರತ್ಯೇಕ ಬ್ಯಾಂಕು ಖಾತೆಯಲ್ಲಿ ಇಡಬೇಕು. ಸುಳ್ಳು ಜಾಹೀರಾತನ್ನು ನಂಬಿ ಮುಂಗಡ ಕೊಟ್ಟು ನಷ್ಟಪಟ್ಟವನಿಗೆ ಪರಿಹಾರವುಂಟು. ಅವನು ವ್ಯವಹಾರದಿಂದ ಹೊರಬರಬಯಸಿದರೆ ಹಣವು ಬಡ್ಡಿಯೊಡನೆ ಹಿಂದಿರುಗಬೇಕು. ಎಲ್ಲಕ್ಕಿಂತ ನಮ್ಮ ವಿಷಯಕ್ಕೆ ಸಂಬಂಧಿಸಿದುದು ೧೩ನೆಯ ಕಲಮು. ಲಿಖಿತವಾದ ಮಾರಾಟದ ಕರಾರನ್ನು ಮಾಡಿಕೊಂಡು ಅದನ್ನು ನೋಂದಾಯಿಸದೆ, ಮನೆಯ ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚಾದ ಹಣವನ್ನು ಮುಂಗಡವೆಂದಾಗಲಿ ಅರ್ಜಿಯ ಶುಲ್ಕವೆಂದಾಗಲಿ ಸ್ವೀಕರಿಸಕೂಡದೆಂದು ಅದು ವಿಧಿಸುತ್ತದೆ. ಇದನ್ನು ಮೀರಿದವನಿಗೆ ಯೋಜನೆಯ ಅಂದಾಜು ವೆಚ್ಚದ ನೂರಕ್ಕೆ ಐದರ ವರೆಗೆ ದಂಡ ಬೀಳಬಹುದು.

ಕಾಯದೆಯ ಉಪಕಾರವನ್ನು ಒಪ್ಪಿಕೊಂಡೇ ಅದರ ಕೊರತೆಯನ್ನೂ ಹೇಳಬೇಕಾಗಿದೆ. ಹತ್ತಕ್ಕಿಂತ ಹೆಚ್ಚು ಕೂಡದೆಂದರೆ ಹತ್ತರ ವರೆಗೆ ಕರಾರಿಲ್ಲದೆಯೇ ತೆಗೆದುಕೊಳ್ಳಬಹುದೆಂದಂತಾಯಿತು. ಉದಾಹರಣೆಗೆ ಎಂಭತ್ತು ಲಕ್ಷ ರೂಪಾಯಿಯ ಮನೆಗೆ ಇದು ಎಂಟು ಲಕ್ಷ. ತಿಂಗಳಿಗೆ ಹತ್ತು ಸಾವಿರ ಉಳಿಸುವ ಗುಮಾಸ್ತನಿಗೆ ಅದು ಆರು ವರ್ಷ ಎಂಟು ತಿಂಗಳ ಉಳಿತಾಯ. ಚೆಕ್ಕನ್ನು ಕೊಟ್ಟ ದಿನದಿಂದ ಕರಾರು ನೋಂದಣಿಯಾಗುವ ದಿನದ ವರೆಗೆ ಈ ಎಂಟು ಲಕ್ಷದ ಕಾವಲಿಗೆ ಇರುವುದು ಒಂದು ರಸೀತಿ ಮತ್ತು ಬಿಲ್ಡರನು ತಾನೇ ಅಚ್ಚು ಹಾಕಿಸಿದ ಅರ್ಜಿಯ ನಮೂನೆ. ವಿಚಿತ್ರವೆಂದರೆ, ನಿಜವಾದ ಕರಾರಿನ ಕರಡು ಅನೇಕ ವೇಳೆ ಕೊಳ್ಳುವವನ ಕೈಸೇರುವುದು ಹಣವನ್ನು ಕೊಟ್ಟ ಮೇಲೆ. ಅದರ ಷರತ್ತುಗಳು ಒಪ್ಪಿಗೆಯಾಗದಿದ್ದರೆ, ಒಪ್ಪದವನೇ ವ್ಯವಹಾರವನ್ನು ಮುರಿದವನೆನಿಸಿಕೊಂಡು ಹಣವನ್ನು ಕಳೆದುಕೊಳ್ಳಬೇಕಾಗುತ್ತದೆ. ಒಪ್ಪಂದದ ವಿವರಗಳನ್ನು ನೋಡುವುದಕ್ಕೇ ಶುಲ್ಕವನ್ನು ಕೊಟ್ಟಂತಾಯಿತಲ್ಲದೆ ಮತ್ತೇನು? ರಾಜ್ಯದ ನಿಯಮಗಳಿಗೆ ಲಗತ್ತಾದ ಮಾದರಿ ಕರಾರಿನಲ್ಲಿಯೂ, ಬಿಲ್ಡರನ ತಪ್ಪಿಲ್ಲದೆ ಕೊಳ್ಳುವವನು ಹಿಂದೆಗೆದರೆ ಬುಕಿಂಗ್ ಹಣವನ್ನು ಬಿಲ್ಡರನು ಇಟ್ಟುಕೊಳ್ಳಬಹುದೆಂದಿದೆ.

೨೦೨೫ರ ಫೆಬ್ರುವರಿ ೩ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಈ ಹತ್ತರ ಲೆಕ್ಕವನ್ನು ಇನ್ನಷ್ಟು ಮುಖ್ಯವಾಗಿಸಿದೆ. ಗುರುಗ್ರಾಮದಲ್ಲಿ ೨೦೧೪ರಲ್ಲಿ ಮನೆಯನ್ನು ಬುಕ್ ಮಾಡಿದವರು, ಬೆಲೆ ಇಳಿದ ಕಾರಣದಿಂದ ೨೦೧೭ರಲ್ಲಿ ಸ್ವಾಧೀನಕ್ಕೆ ಕರೆದಾಗ ಬೇಡವೆಂದರು. ಕರಾರಿನಲ್ಲಿ ಬೆಲೆಯ ನೂರಕ್ಕೆ ಇಪ್ಪತ್ತರಷ್ಟನ್ನು ಸಂಚಕಾರವೆಂದು ಜಪ್ತಿ ಮಾಡಲು ಅವಕಾಶವಿತ್ತು. ಆ ಕರಾರು ಏಕಪಕ್ಷೀಯವೆಂದು ಹೇಳಿ, ನೂರಕ್ಕೆ ಹತ್ತನ್ನು ಮಾತ್ರ ಹಿಡಿದುಕೊಂಡು ಉಳಿದುದನ್ನು ಹಿಂದಿರುಗಿಸಬೇಕೆಂಬ ಗ್ರಾಹಕ ಆಯೋಗದ ಆಜ್ಞೆಯನ್ನು ನ್ಯಾಯಾಲಯವು ಎತ್ತಿಹಿಡಿಯಿತು. ಹಿಂದಿರುಗಿಸುವ ಹಣಕ್ಕೆ ಆಯೋಗವು ಕೊಟ್ಟಿದ್ದ ಬಡ್ಡಿಯನ್ನು ಮಾತ್ರ ತೆಗೆದುಹಾಕಿತು. ಇಪ್ಪತ್ತು ಹತ್ತಾದುದು ಕೊಳ್ಳುವವರಿಗೆ ಲಾಭವೇ. ಮೂರು ವರ್ಷ ಒಂದು ಮನೆಯನ್ನು ತಡೆಹಿಡಿದು, ಅದು ಸಿದ್ಧವಾದ ಮೇಲೆ ಪೇಟೆಯ ಬೆಲೆಯನ್ನು ನೋಡಿ ಹಿಂದೆಗೆದವನಿಗೆ ಹತ್ತು ಕಳೆಯುವುದು ಅನ್ಯಾಯವೆಂದು ನಾವೂ ಹೇಳಲಾರೆವು. ಆದರೆ ಕರಾರಿನ ಕರಡನ್ನು ಓದಿ ಹತ್ತನೆಯ ದಿನ ಬೇಡವೆಂದವನನ್ನೂ ಅದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಮೊದಲನೆಯವನಿಂದ ಮಾರುವವನಿಗೆ ನಷ್ಟವಾಗಿರಬಹುದು. ಎರಡನೆಯವನಿಂದ ಆದುದು ಕೆಲವು ದಿನಗಳ ಕಾಲಹರಣ ಮಾತ್ರ.

ಬಿಲ್ಡರುಗಳ ವಾದವನ್ನೂ ನಾವು ಕೇಳಬೇಕು. ಒಂದು ಮನೆಗೆ ಬುಕಿಂಗ್ ಆದೊಡನೆ ಅದನ್ನು ಬೇರೆಯವರಿಗೆ ತೋರಿಸುವಂತಿಲ್ಲ, ದಲ್ಲಾಳಿಗೆ ಕಮಿಷನ್ನು ಕೊಡಬೇಕಾಗುತ್ತದೆ, ಕಾಗದಪತ್ರಗಳ ಖರ್ಚುಂಟು ಎಂದು ಅವರು ಹೇಳುತ್ತಾರೆ. ನಾಲ್ಕು ಕಡೆ ಬುಕ್ ಮಾಡಿ ಮೂರು ಕಡೆ ಬಿಡುವ ಸಟ್ಟಾವ್ಯಾಪಾರಿಗಳಿಂದ ತಮಗೆ ಹಾನಿಯೆಂದೂ ಅವರ ಅಂಬೋಣ. ಇದರಲ್ಲಿ ನಿಜವಿಲ್ಲವೆಂದು ಹೇಳಲಾಗದು. ಏನೂ ಕಳೆದುಕೊಳ್ಳದೆ ಯಾವಾಗ ಬೇಕಾದರೂ ಬಿಡಬಹುದೆಂದಾದರೆ ಸಂಚಕಾರಕ್ಕೆ ಅರ್ಥವೇ ಇಲ್ಲ. ಆದರೆ ಈ ಖರ್ಚುಗಳಾವುವೂ ಮನೆಯ ಬೆಲೆಯ ಹತ್ತನೆಯ ಒಂದು ಭಾಗವಾಗಲಾರವು. ಆದ ಖರ್ಚನ್ನು ಲೆಕ್ಕ ತೋರಿಸಿ ಹಿಡಿದುಕೊಳ್ಳುವುದಕ್ಕೆ ಯಾರ ಅಭ್ಯಂತರವೂ ಇರಲಾರದು. ಲೆಕ್ಕವಿಲ್ಲದೆ ಹಿಡಿದುಕೊಳ್ಳುವುದನ್ನು ಮಾತ್ರ ಕರಾರು ಕಾಯದೆಯೇ ಒಪ್ಪುವುದಿಲ್ಲ.

ಇದಕ್ಕೆ ಮಧ್ಯಮಮಾರ್ಗವು ಅಸಾಧ್ಯವೇನಲ್ಲ. ನೆರೆಯ ಮಹಾರಾಷ್ಟ್ರದ ಪ್ರಾಧಿಕಾರವು ೨೦೨೦ರ ನಂತರ ಗೊತ್ತುಮಾಡಿದ ಮಾದರಿ ಹಂಚಿಕೆ ಪತ್ರವನ್ನು ನೋಡಬಹುದು. ಪತ್ರವನ್ನು ಪಡೆದ ಹದಿನೈದು ದಿನಗಳೊಳಗೆ ಕೊಳ್ಳುವವನು ಬೇಡವೆಂದರೆ ಏನನ್ನೂ ಕಡಿಯುವಂತಿಲ್ಲ. ಹದಿನಾರರಿಂದ ಮೂವತ್ತನೆಯ ದಿನದೊಳಗಾದರೆ ಬೆಲೆಯ ನೂರಕ್ಕೆ ಒಂದು, ಅರುವತ್ತನೆಯ ದಿನದೊಳಗಾದರೆ ಒಂದೂವರೆ, ಅದರ ಮೇಲೆ ಎರಡು. ಎಂಭತ್ತು ಲಕ್ಷದ ಮನೆಗೆ ಹೆಚ್ಚೆಂದರೆ ಒಂದು ಲಕ್ಷ ಅರುವತ್ತು ಸಾವಿರ ಹೋಯಿತು, ಎಂಟು ಲಕ್ಷವಲ್ಲ. ತಡಮಾಡಿದಷ್ಟೂ ಹೆಚ್ಚು ಕಳೆದುಕೊಳ್ಳಬೇಕಾಗುವುದರಿಂದ ಸಟ್ಟಾವ್ಯಾಪಾರಿಗೂ ಕಡಿವಾಣವುಂಟು. ಇಂಗ್ಲೆಂಡಿನಲ್ಲಿಯೂ ಹೊಸ ಮನೆಯನ್ನು ಕಾದಿರಿಸಲು ಇಂಥದೇ ಒಂದು ಶುಲ್ಕವನ್ನು ಕೊಡುವ ಪದ್ಧತಿಯಿದೆ. ಅಲ್ಲಿ ೨೦೨೧ರ ಕೊನೆಯಲ್ಲಿ ಪ್ರಕಟವಾದ ಹೊಸ ಮನೆಗಳ ಗುಣಮಟ್ಟದ ಸಂಹಿತೆಗೆ ಸೇರಿದ ಬಿಲ್ಡರುಗಳು, ಕಾದಿರಿಸಿದ ಮೇಲೆ ಹದಿನಾಲ್ಕು ದಿನಗಳ ಪುನರ್ವಿಚಾರದ ಅವಧಿಯನ್ನು ಕೊಟ್ಟು, ಅದರೊಳಗೆ ಬೇಡವೆಂದವನಿಗೆ ಶುಲ್ಕವನ್ನು ಪೂರ್ತಿಯಾಗಿ ಹಿಂದಿರುಗಿಸಬೇಕು. ನಮ್ಮ ೨೦೧೬ರ ಕಾಯದೆಯಲ್ಲಿ ಇಂಥ ಅವಧಿಯ ಮಾತೇ ಇಲ್ಲ. ಜೀವಮಾನದಲ್ಲಿ ಒಮ್ಮೆ ಮಾಡುವ ಖರೀದಿಗೆ ಹದಿನೈದು ದಿನಗಳ ವಿಚಾರಕಾಲವು ಅತಿಯಾಯಿತೆಂದು ಯಾವ ನ್ಯಾಯಬುದ್ಧಿಯವನೂ ಹೇಳಲಾರನು.

ಆದುದರಿಂದ ರಾಜ್ಯ ಸರಕಾರಕ್ಕೂ ಬೆಂಗಳೂರಿನಲ್ಲಿರುವ ಪ್ರಾಧಿಕಾರಕ್ಕೂ ನಾವು ಮಾಡುವ ಸೂಚನೆಗಳು ನಾಲ್ಕು. ಮೊದಲನೆಯದಾಗಿ, ಕರಾರಿನ ಕರಡನ್ನು ಕೊಳ್ಳುವವನ ಕೈಗೆ ಕೊಟ್ಟು ಅವನ ರುಜು ಪಡೆಯದೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬಾರದೆಂದು ನಿಯಮವಾಗಲಿ. ಎರಡನೆಯದಾಗಿ, ಹದಿನೈದು ದಿನಗಳ ಪುನರ್ವಿಚಾರದ ಅವಧಿಯೂ ಆಮೇಲೆ ಮೆಟ್ಟಲು ಮೆಟ್ಟಲಾಗಿ ಏರುವ ಅಲ್ಪ ಕಡಿತವೂ ನಿಯಮಗಳಲ್ಲಿ ಸೇರಲಿ. ಮೂರನೆಯದಾಗಿ, ಪ್ರಾಮಾಣಿಕವಾಗಿ ಅರ್ಜಿ ಹಾಕಿದವನಿಗೆ ಬ್ಯಾಂಕು ಸಾಲವನ್ನು ನಿರಾಕರಿಸಿದಲ್ಲಿ, ನಿಜವಾದ ಖರ್ಚನ್ನು ಕಳೆದು ಉಳಿದುದನ್ನೆಲ್ಲ ಹಿಂದಿರುಗಿಸುವುದು ಕಡ್ಡಾಯವಾಗಲಿ. ನಾಲ್ಕನೆಯದಾಗಿ, ಬುಕಿಂಗ್ ಹಣವನ್ನು ತೆಗೆದುಕೊಂಡ ಮೇಲೆ ಬಿಲ್ಡರನೇ ಬೆಲೆಯನ್ನು ಏರಿಸಿದರೆ ಅಥವಾ ಆ ಮನೆಯನ್ನು ಇನ್ನೊಬ್ಬನಿಗೆ ಕೊಟ್ಟರೆ, ಹಣವನ್ನು ಬಡ್ಡಿಯೊಡನೆ ಕೊಡುವುದಲ್ಲದೆ ದಂಡವನ್ನೂ ತೆರಲಿ. ವಿಜ್ಞಾನೇಶ್ವರನ ಇಮ್ಮಡಿಯನ್ನು ನಾವು ಅಕ್ಷರಶಃ ಕೇಳುತ್ತಿಲ್ಲ. ಅದರ ನ್ಯಾಯವನ್ನು ಕೇಳುತ್ತಿದ್ದೇವೆ. ಇದರೊಡನೆ, ಪ್ರಾಧಿಕಾರವು ಹಿಂದಿರುಗಿಸಬೇಕೆಂದು ಆಜ್ಞೆ ಮಾಡಿದ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದೆಂದು ಕಾಯದೆಯಲ್ಲಿದೆ. ಆ ವಸೂಲಿಯು ಕಂದಾಯ ಇಲಾಖೆಯ ಕಚೇರಿಗಳಲ್ಲಿ ನಿಧಾನವಾಗುತ್ತಿದೆಯೆಂಬ ದೂರು ಹಳೆಯದು. ಕೈಗೆ ಬಾರದ ತೀರ್ಪಿನಿಂದ ಬಡವನಿಗೇನು ಪ್ರಯೋಜನ?

ಕಾಯದೆಯು ತಿದ್ದುಪಡಿಯಾಗುವ ವರೆಗೆ ಕೊಳ್ಳುವವರು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಇರುವ ಹಕ್ಕುಗಳನ್ನು ಬಳಸಿಕೊಂಡರೆ ಮುಕ್ಕಾಲು ಪಾಲು ಅಪಾಯವು ತಪ್ಪುವುದು. ಜಾಹೀರಾತಿನಲ್ಲಿ ರೇರಾ ನೋಂದಣಿಯ ಸಂಖ್ಯೆಯನ್ನು ಕೊಡಲೇಬೇಕು. ಅದಿಲ್ಲದ ಯೋಜನೆಗೆ, ಆಸಕ್ತಿಯನ್ನು ಸೂಚಿಸುವ ಹಣವೆಂಬ ಮೃದುವಾದ ಹೆಸರಿನಲ್ಲಿಯೂ, ಪ್ರಾರಂಭಪೂರ್ವ ರಿಯಾಯಿತಿಯೆಂಬ ಆಸೆಯಿಂದಲೂ, ಏನನ್ನೂ ಕೊಡಬಾರದು. ಹಂಚಿಕೆ ಪತ್ರದ ಮತ್ತು ಮಾರಾಟದ ಕರಾರಿನ ನಮೂನೆಗಳನ್ನು ಬಿಲ್ಡರನು ನೋಂದಣಿಯ ಕಾಲದಲ್ಲಿಯೇ ಪ್ರಾಧಿಕಾರಕ್ಕೆ ಒಪ್ಪಿಸಿರಬೇಕಾದುದರಿಂದ, ಅವುಗಳನ್ನು ಮೊದಲೇ ಪಡೆದು ಓದಬಹುದು. ಮಂಜೂರಾದ ನಕ್ಷೆಯನ್ನೂ ಹಂತಹಂತದ ಕಾಲಪಟ್ಟಿಯನ್ನೂ ಬುಕಿಂಗ್ ಸಮಯದಲ್ಲಿಯೇ ಒದಗಿಸಬೇಕೆಂದು ೧೧ನೆಯ ಕಲಮು ಹೇಳುತ್ತದೆ, ಕೇಳಲು ಸಂಕೋಚಪಡಬೇಕಾಗಿಲ್ಲ. ಹಣವನ್ನು ಚೆಕ್ಕಿನಿಂದಲೋ ಬ್ಯಾಂಕಿನ ಮೂಲಕವೋ ಯೋಜನೆಯ ಖಾತೆಗೇ ಕೊಡಬೇಕು. ೨೦೧೫ರ ಜೂನ್ ೧ರಿಂದ ಸ್ಥಿರಾಸ್ತಿಯ ಮುಂಗಡವಾಗಿ ೨೦,೦೦೦ ರೂಪಾಯಿ ಅಥವಾ ಅದಕ್ಕೂ ಮೇಲ್ಪಟ್ಟ ಮೊತ್ತವನ್ನು ನಗದಾಗಿ ಸ್ವೀಕರಿಸುವುದು ಆದಾಯತೆರಿಗೆಯ ಕಾಯದೆಗೆ ವಿರುದ್ಧವೂ ಆಗಿದೆ. ರಸೀತಿಯಲ್ಲಿ ಮನೆಯ ಸಂಖ್ಯೆ, ಅಂತಸ್ತು, ಗೋಡೆಗಳೊಳಗಿನ ಕಾರ್ಪೆಟ್ ಅಳತೆ, ಒಟ್ಟು ಬೆಲೆ, ಕರಾರಿಗೆ ಸಹಿ ಹಾಕಬೇಕಾದ ದಿನ, ಸಾಲ ದೊರೆಯದಿದ್ದರೆ ಅಥವಾ ಕರಡು ಒಪ್ಪಿಗೆಯಾಗದಿದ್ದರೆ ಎಷ್ಟು ಹಣವು ಎಷ್ಟು ದಿನಗಳೊಳಗೆ ಹಿಂದಿರುಗುವುದು, ಇಷ್ಟನ್ನೂ ಬರೆಯಿಸಿಕೊಳ್ಳಬೇಕು. ಬಾಯಿಮಾತಿನ ಆಶ್ವಾಸನೆಯನ್ನು ಕೊಟ್ಟ ಮಾರಾಟಗಾರನು ಮುಂದಿನ ವರ್ಷ ಬೇರೆ ಕಂಪನಿಯಲ್ಲಿರುತ್ತಾನೆ. ಬರೆದ ಕಾಗದವು ನಮ್ಮ ಪೆಟ್ಟಿಗೆಯಲ್ಲಿರುತ್ತದೆ.

ಇವತ್ತೇ ಕೊಟ್ಟರೆ ಈ ಬೆಲೆ, ನಾಳೆ ಇಲ್ಲ ಎಂಬ ಮಾತು ಮಾರಾಟದ ಕಚೇರಿಯಲ್ಲಿ ಬಹುವಾಗಿ ಕೇಳಿಬರುತ್ತದೆ. ವಾರಗಟ್ಟಲೆ ವಿಚಾರಿಸಿ ಒಂದು ಎತ್ತನ್ನು ಕೊಳ್ಳುತ್ತಿದ್ದ ಜನರ ಮಕ್ಕಳು ಅರ್ಧ ಗಂಟೆಯಲ್ಲಿ ಎಂಟು ಲಕ್ಷದ ಚೆಕ್ಕನ್ನು ಬರೆಯುವುದಕ್ಕೆ ಈ ಅವಸರವೇ ಕಾರಣ. ನಾಳೆಯ ವರೆಗೆ ಕಾಯಲಾರದ ವ್ಯಾಪಾರದಲ್ಲಿ ಕೊಳ್ಳುವವನು ನಾಳೆ ತಿಳಿದುಕೊಳ್ಳಬಾರದ ಸಂಗತಿಯೇನೋ ಇರಬಹುದೆಂದು ಶಂಕಿಸುವುದು ವಿವೇಕ. ಕೊಡುವವನು ಕಣ್ತೆರೆದು ಕೊಡಲಿ. ತೆಗೆದುಕೊಳ್ಳುವವನು ತಾನೂ ಕಟ್ಟುಬಿದ್ದೆನೆಂದು ತಿಳಿದು ತೆಗೆದುಕೊಳ್ಳಲಿ. ಹೀಗಾದರೆ ಸಂಚಕಾರವೆಂಬ ಶಬ್ದಕ್ಕೆ ಕಲ್ಯಾಣದ ಪಂಡಿತನು ಕೊಟ್ಟ ಅರ್ಥವು ಮನೆಯ ವ್ಯಾಪಾರದ ಮಟ್ಟಿಗಾದರೂ ಮರಳಿ ಬಂದೀತು. ಸರಕಾರವು ಈ ನಿಯಮಗಳನ್ನು ಮಾಡಲು ಇನ್ನು ತಡಮಾಡಬಾರದು.